ಸಂಬಳದ ಕಡಿತ

ನೌಕರರ ಒಟ್ಟು ವೇತನ ಕೈಗೆ ಸೇರುವ ಮೊದಲೇ ಅದರಲ್ಲಿ ಮುರಿದುಕೊಳ್ಳುವ ಮೊತ್ತ. ಶ್ರೀರಂಗಪಟ್ಟಣದ ಬಳಿ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಖಾನೆಯೊಂದರಲ್ಲಿ ಮೂಲವೇತನ, ತುಟ್ಟಿಭತ್ಯೆ ಸೇರಿ 15,000 ರೂ. ದುಡಿಯುವವರಿಗೆ ಭವಿಷ್ಯನಿಧಿಗೆ ಶೇ. 12ರಂತೆ 1,800, ಇಎಸ್‌ಐಗೆ ಶೇ. 0.75ರಂತೆ 113 ರೂ. ಹೋಗಿ 13,087 ರೂ. ಉಳಿಯುತ್ತದೆ. ಭವಿಷ್ಯನಿಧಿಯ ಹಣ ಕಳೆದುಹೋದದ್ದಲ್ಲ, ಅದು ನೌಕರರದೇ ಉಳಿತಾಯ. ಮಾಲೀಕರೂ ಅಷ್ಟೇ ಪಾಲು ಕಟ್ಟಬೇಕು. ತಿಂಗಳಿಗೆ 25,000 ರೂ. ಮುಟ್ಟದ ಸಂಬಳಕ್ಕೆ ರಾಜ್ಯದ ವೃತ್ತಿ ತೆರಿಗೆ ಇಲ್ಲ. ಮುಟ್ಟಿದರೆ ತಿಂಗಳಿಗೆ 200 ರೂ., ಫೆಬ್ರವರಿಯಲ್ಲಿ ಮಾತ್ರ 300 ರೂ.

ನಾಗಮಂಗಲ, ಕೆ.ಆರ್. ಪೇಟೆಯ ಸರ್ಕಾರಿ ಶಿಕ್ಷಕರ ವೇತನ ಚೀಟಿಯಲ್ಲಿ ಕೆಜಿಐಡಿ ವಿಮಾ ಕಂತು ಇರುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್ ಪಿಂಚಣಿ ವಂತಿಗೆಯೂ ಉಂಟು.

ಆದಾಯ ತೆರಿಗೆಯ ಲೆಕ್ಕ ಇಡೀ ವರ್ಷದ್ದು. 2025-26ರ ಹೊಸ ಪದ್ಧತಿಯಲ್ಲಿ, ಬೇರೆ ಆದಾಯವಿಲ್ಲದಿದ್ದರೆ, 12.75 ಲಕ್ಷ ರೂ.ವರೆಗಿನ ಸಂಬಳಕ್ಕೆ ತೆರಿಗೆ ಬೀಳದು. ಅದಕ್ಕೂ ಮೀರಿದರೆ ವರ್ಷದ ಅಂದಾಜು ತೆರಿಗೆಯನ್ನು ಸಂಬಳ ಕೊಡುವವರೇ ತಿಂಗಳು ತಿಂಗಳು ಹಿಡಿದು ಕಟ್ಟುತ್ತಾರೆ. ಅದಕ್ಕೆ ದಾಖಲೆ ಫಾರಂ 16. ಹೆಚ್ಚು ಹಿಡಿದಿದ್ದರೆ ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಬಹುದು.

ಪಾಂಡವಪುರದ ಕಡೆ ಹಲವರು ಗೊಂದಲಪಡುವುದು ಸಂಬಳದ ಜೊತೆಗೆ ಬರುವ ಕಬ್ಬಿನ ಹಣದ ವಿಷಯದಲ್ಲಿ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಆದರೆ ಅದು 5,000 ರೂ. ದಾಟಿ, ಇತರ ಆದಾಯವೂ ಮೂಲ ವಿನಾಯಿತಿ ಮಿತಿ ಮೀರಿದ್ದರೆ, ತೆರಿಗೆಯ ದರ ನಿರ್ಧರಿಸಲು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.