ಎಡಮುರಿ, ಬಲಮುರಿ

ತೊಡೆಯ ಮೇಲೆ ಬತ್ತಿ ಹೊಸೆಯುವಾಗ ನನ್ನ ಅಂಗೈ ಹೊರಳುವುದು ಒಂದೇ ರೀತಿ. ನಮ್ಮತ್ತೆಯದೂ ಹಾಗೇ ಇತ್ತು. ನನ್ನ ಸೊಸೆ ಎಡಚಿ. ಅವಳ ಬತ್ತಿಯ ಹುರಿ ನಮ್ಮದಕ್ಕೆ ತಿರುವುಮುರುವು. ಮಗ ಬೇರೆ ಜಾತಿಯ ಈ ಹುಡುಗಿಯ ಹೆಸರು ಹೇಳಿದಾಗ 'ಮನೆಯ ಕಟ್ಟು ಕೆಡುತ್ತದೆ' ಎಂದು ಅಡ್ಡಗಾಲು ಹಾಕಿದವಳು ನಾನೇ.

ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. "ಅತ್ತೆ, ಅಯಸ್ಕಾಂತಗಳಲ್ಲೂ ಎಡಮುರಿ, ಬಲಮುರಿ ಇವೆ" ಎಂದಳು ಒಂದು ಸಂಜೆ.

ಸಾಮಾನ್ಯ ಅಯಸ್ಕಾಂತದಲ್ಲಿ ಪರಮಾಣುಗಳ ಪುಟ್ಟ ಕಾಂತಸೂಜಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವಂತೆ. ಆದರೆ ಕೆಲವು ಹರಳುಗಳಲ್ಲಿ ಪರಮಾಣುಗಳ ಜೋಡಣೆಯೇ ಶಂಖದ ಹಾಗೆ, ಎಡಕ್ಕೋ ಬಲಕ್ಕೋ ಮುರಿದಿರುತ್ತದೆ. ಅಂಥಲ್ಲಿ ಪಕ್ಕಪಕ್ಕದ ಸೂಜಿಗಳು ತುಸು ಓರೆಯಾಗುತ್ತವೆ. ಈ ಓರೆಯ ಕಾರಣವನ್ನು ಬಿಡಿಸಿದವರು 1958ರಲ್ಲಿ ರಷ್ಯದ ಜ಼್ಯಾಲೊಶಿನ್ಸ್ಕಿ, 1960ರಲ್ಲಿ ಜಪಾನಿನ ಮೊರಿಯಾ. 1976ರಲ್ಲಿ ಇಶಿಕಾವಾ ಮತ್ತು ಸಂಗಡಿಗರು ಮ್ಯಾಂಗನೀಸ್ ಸಿಲಿಸೈಡಿನೊಳಗೆ ನ್ಯೂಟ್ರಾನುಗಳನ್ನು ಹಾಯಿಸಿ ಈ ಸುರುಳಿಯನ್ನು ಕಂಡರು. ಒಂದು ಮಿಲಿಮೀಟರಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸುತ್ತು! ಅದೂ ಸೊನ್ನೆಗಿಂತ 244 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ.

ಆ ಹರಳಿನಲ್ಲಿ ಮ್ಯಾಂಗನೀಸಿನ ಜಾಗಕ್ಕೆ ಕಬ್ಬಿಣ ತಂದರೆ? ಕಬ್ಬಿಣವೆಂದರೆ ಅಯಸ್ಕಾಂತದ ತವರಲ್ಲವೇ, ಬಲ ಹೆಚ್ಚೀತು ಎಂದುಕೊಂಡೆ. ಆಗುವುದು ಉಲ್ಟಾ. ಕಬ್ಬಿಣ ಸೇರಿದಷ್ಟೂ ಸುರುಳಿಗೆ ಇನ್ನಷ್ಟು ಚಳಿ ಬೇಕು. ನೂರಕ್ಕೆ ಸುಮಾರು ಹದಿನೈದು ಸೇರುವ ಹೊತ್ತಿಗೆ ಆ ಕಟ್ಟೇ ಉಳಿಯುವುದಿಲ್ಲ.

"ನೋಡಿದೆಯಾ?" ಎಂದುಬಿಟ್ಟೆ. ಹಳೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಅವಳು ನಕ್ಕಳು. "ಪೂರ್ತಿ ಕೇಳಿ. ಕಬ್ಬಿಣದ ಸಿಲಿಸೈಡಿನಲ್ಲಿ ಇಂಥ ಕಾಂತದ ಕಟ್ಟಿಲ್ಲ. ಕೋಬಾಲ್ಟಿನ ಸಿಲಿಸೈಡಿನಲ್ಲೂ ಇಲ್ಲ. ಎರಡನ್ನೂ ಬೆರೆಸಿದರೆ ಸುರುಳಿ ಹುಟ್ಟುತ್ತದೆ!" ಕೋಬಾಲ್ಟಿಗೆ ಕಬ್ಬಿಣಕ್ಕಿಂತ ಒಂದು ಎಲೆಕ್ಟ್ರಾನು ಹೆಚ್ಚು. ಆ ಹೆಚ್ಚಿನದು ಹರಳಿನೊಳಗೆ ಓಡಾಡಿ ಕಾಂತಗುಣ ತರುತ್ತದಂತೆ. ಸಮಪಾಲಿನ ಇಂಥದೇ ಬೆರಕೆಯಲ್ಲಿ 2010ರಲ್ಲಿ ಜಪಾನಿನ ವಿಜ್ಞಾನಿಗಳು ಕಾಂತದ ಸುಳಿಗಳು ಸಾಲುಗಟ್ಟಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ಅವುಗಳ ಹೆಸರು ಸ್ಕಿರ್ಮಿಯಾನ್.

2013ರಲ್ಲಿ ಇನ್ನೊಂದು ಸೋಜಿಗ. ಮ್ಯಾಂಗನೀಸ್ ಜರ್ಮೇನೈಡಿಗೆ ಕಬ್ಬಿಣ ಸೇರಿಸುತ್ತ ಹೋದರೆ ಹುರಿ ಸಡಿಲವಾಗುತ್ತ ಬರುತ್ತದೆ. ನೂರಕ್ಕೆ ಎಂಬತ್ತರ ಹತ್ತಿರ ಸೂಜಿಗಳು ನೆಟ್ಟಗೆ ನಿಲ್ಲುತ್ತವೆ. ಅದನ್ನು ದಾಟಿದರೆ ಮತ್ತೆ ಸುರುಳಿ, ಆದರೆ ಈ ಸಲ ಹರಳಿನ ಮುರಿಗೆ ಹೋಲಿಸಿದರೆ ಎದುರು ದಿಕ್ಕಿಗೆ.

ಬೆರಕೆಯಿಂದ ಕಟ್ಟು ಕೆಡುವುದೂ ಉಂಟು, ಹುಟ್ಟುವುದೂ ಉಂಟು. ಬೆರೆಸಿ ನೋಡದೆ ತೀರ್ಪು ಕೊಟ್ಟವಳು ನಾನೊಬ್ಬಳೇ. ಅದನ್ನು ಅವಳೆದುರು ಹೇಳಲು ಬಾಯಿ ಬರಲಿಲ್ಲ. ಹೊಸೆದ ಬತ್ತಿಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿಟ್ಟೆ. ಈಗ ಅವಳದು ಯಾವುದು, ನನ್ನದು ಯಾವುದು ಎಂದು ತಿಳಿಯಬೇಕಾದರೆ ನನಗೆ ಕನ್ನಡಕ ಬೇಕು.