ಮಾರುತಿ 800: ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿರುವಿಕೆ

ಸೆಲ್ಫ್ ಹೊಡೆದಾಗ ಎಂಜಿನ್ ಚುರುಕಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರುಗಳ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಉಳಿಯುವುದು ಕಿಡಿ, ಪೆಟ್ರೋಲು, ಕಂಪ್ರೆಷನ್. 1983ರಲ್ಲಿ ಬಂದ, 796 ಸಿಸಿಯ ಮೂರು ಸಿಲಿಂಡರಿನ ಈ ಕಾರಿನ ಕಾರ್ಬ್ಯುರೇಟರ್ ಮಾದರಿಯಲ್ಲಿ ಮೊದಲು ಕಿಡಿ ನೋಡುವುದೇ ಲೇಸು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕಟ್ಟಿದರೆ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಎಷ್ಟೋ ಸಲ ಒಣಬಟ್ಟೆಯಿಂದ ಒರೆಸಿದರೆ ಸಾಕು. ಬಿಚ್ಚಿದ ಪ್ಲಗ್ಗಿನ ತುದಿ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿಯಿಲ್ಲ, ಇಲ್ಲವೇ ಚೋಕ್ ಎಳೆದದ್ದು ಅತಿಯಾಗಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ: ಟ್ಯಾಂಕು, ಫಿಲ್ಟರ್, ಪಂಪು ನೋಡಬೇಕು. ಹಳೆಯ ಗಾಡಿಯ ಗೇಜಿನ ಮುಳ್ಳನ್ನಂತೂ ನಂಬಬಾರದು. ಎಂಜಿನ್ ಎಂದಿಗಿಂತ ಹಗುರಾಗಿ, ಒಂದೇ ಸಮನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಆಗ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಬೇಕು. ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಮಾದರಿಯಲ್ಲಿ ಕೀ ತಿರುವಿದೊಡನೆ ಟ್ಯಾಂಕಿನೊಳಗಿನ ಪಂಪು ಗುಂಯ್‌ಗುಡದಿದ್ದರೆ ಮೊದಲು ಫ್ಯೂಸ್, ರಿಲೇ ಪರೀಕ್ಷಿಸುತ್ತಾರೆ.