ಚಾರ್‌ಮಿನಾರ್ ಪ್ಯಾಕಿನ ಚರಿತ್ರೆ, ನಮ್ಮ ಉಸಿರಿನ ಲೆಕ್ಕ

ಹೈದರಾಬಾದಿಗೆ ಬಂದ ಕನ್ನಡದವರು ಮೊದಲ ವೀಕೆಂಡಿಗೇ ಚಾರ್‌ಮಿನಾರ್ ನೋಡಿರ್ತೀವಿ. ನಾನು ಮಾತ್ರ ಅದನ್ನ ಚಿಕ್ಕವನಿದ್ದಾಗಲೇ ಬೀದರಿನಲ್ಲಿ ನೋಡಿದ್ದೆ, ಅಜ್ಜನ ಜೇಬಿನ ಸಿಗರೇಟ್ ಪ್ಯಾಕಿನ ಮೇಲೆ. ಇವತ್ತಿನ ಮಾತು ಆ ಪ್ಯಾಕಿನ ಬಗ್ಗೆ.

1930ರಲ್ಲಿ, ನಿಜಾಮರ ಕಾಲದಲ್ಲಿ, ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿ ಇಲ್ಲಿ ಶುರುವಾಯ್ತು. ಕಾರ್ಖಾನೆ ಆಜಮಾಬಾದ್‌ನಲ್ಲಿ. ಇಂದಿರಾ ಪಾರ್ಕ್‌ನಿಂದ ಸ್ಟೀಲ್ ಬ್ರಿಡ್ಜ್ ಹತ್ತಿ 'ವಿಎಸ್‌ಟಿ'ಗೆ ಹೋಗ್ತೀರಲ್ಲ, ಆ ಹೆಸರು ಬಂದಿದ್ದು ಇದೇ ಕಂಪನಿಯಿಂದ. ಬೀದರ್, ಗುಲ್ಬರ್ಗಾ, ರಾಯಚೂರಿಗೆ 1956ರವರೆಗೂ ಹೈದರಾಬಾದೇ ರಾಜಧಾನಿ. ಹಾಗಾಗಿ ನಮ್ಮ ಕಡೆಯ ಹಿರಿಯರಿಗೆ ಚಾರ್‌ಮಿನಾರ್ ಹೊರಗಿನ ಮಾಲಲ್ಲ, ತಮ್ಮ ರಾಜಧಾನಿಯ ಸಿಗರೇಟು. ಫಿಲ್ಟರ್ ಇಲ್ಲ, ಬೆಲೆ ಕಮ್ಮಿ. ದೂರದ ಬಂಗಾಳದಲ್ಲಿ ಸತ್ಯಜಿತ್ ರೇ ಅವರ ಪತ್ತೇದಾರ ಫೆಲೂದಾ ಸೇದೋದೂ ಇದನ್ನೇ.

ಈಗ ಇಸವಿಗಳನ್ನ ಗಮನಿಸಿ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರೋ ನಂಟನ್ನ ಬರೆದದ್ದು 1950ರಲ್ಲಿ. ಭಾರತದಲ್ಲಿ ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿ ಅಂತ ಕಾನೂನು ಬಂದದ್ದು 1975ರಲ್ಲಿ. ಎಚ್ಚರಿಕೆಯ ಚಿತ್ರ 2009ರಲ್ಲಿ. ಅದು ಪ್ಯಾಕಿನ ಶೇ. 85ರಷ್ಟು ಜಾಗ ತುಂಬಿದ್ದು 2016ರಲ್ಲಿ. ಅದನ್ನೂ 2017ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತ್ತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಗೊತ್ತಾದ ವಿಷಯ ಪ್ಯಾಕಿನ ಮೇಲೆ ಬರೋಕೆ ಇಷ್ಟು ಕಾಲ ಬೇಕಾಯ್ತು. ಅಜ್ಜ ಸೇದೋಕೆ ಶುರು ಮಾಡಿದಾಗ ಪ್ಯಾಕಿನ ಮೇಲೆ ಇದ್ದದ್ದು ನಾಲ್ಕು ಮಿನಾರು ಮಾತ್ರ.

ಅಜ್ಜ 71ರವರೆಗೆ ಬದುಕಿದ್ರು. "ನೋಡು, ಏನೂ ಆಗಂಗಿಲ್ಲ" ಅಂತಿದ್ರು. ಆದ್ರೆ ಆಯಸ್ಸು ಬೇರೆ, ಬದುಕು ಬೇರೆ. ಬೀದರಿನ ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಲ್ಲಿ ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ ಮನುಷ್ಯ, ಆಮೇಲೆ ಹೊರಗೆ ಚಪ್ಪಲಿ ಕಾಯ್ತಾ ಕೂರ್ತಿದ್ರು. ಕೊನೆಯ ವರ್ಷಗಳಲ್ಲಿ ಮಲಗಿದರೆ ಉಸಿರು ಕಟ್ಟೋದು, ಕುಂತೇ ನಿದ್ದೆ. ಸಾವಿನ ಅಂಕಿಅಂಶದಲ್ಲಿ ಈ ರಾತ್ರಿಗಳ ಲೆಕ್ಕ ಇರಲ್ಲ.

ಇಷ್ಟೆಲ್ಲ ನೋಡಿಯೂ ನಾನು ಗಚ್ಚಿಬೌಲಿಯಲ್ಲಿ ಚಾಯ್ ಜೊತೆ ಶುರು ಮಾಡಿದೆ. ರಿಲೀಸ್ ಟೆನ್ಶನ್ ಅನ್ನೋ ನೆಪ. ಏಳು ವರ್ಷ. ಒಂದಿನ ಮಗಳ ಜೊತೆ ಗೋಲ್ಕೊಂಡಾ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತೆ. "ಅಪ್ಪಾ, ನೀನು ಇಲ್ಲೇ ಇರು" ಅಂತ ಅವಳು ಮೇಲೆ ಓಡಿದಳು. ಚಪ್ಪಲಿ ಕಾಯೋ ಸರದಿ ನನಗೆ ಬಂತು ಅನ್ನಿಸ್ತು.

ಡಾಲ್ ತಂಡ ಬ್ರಿಟಿಷ್ ವೈದ್ಯರನ್ನ 50 ವರ್ಷ ಗಮನಿಸಿ 2004ರಲ್ಲಿ ಕೊಟ್ಟ ಲೆಕ್ಕ ಇದು: ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಬೇಗ ಸತ್ತರು. 60ಕ್ಕೆ ಬಿಟ್ಟರೆ ಸುಮಾರು 3 ವರ್ಷ ವಾಪಸ್, 50ಕ್ಕೆ 6, 40ಕ್ಕೆ 9, 30ಕ್ಕೆ ಹೆಚ್ಚುಕಮ್ಮಿ ಪೂರ್ತಿ 10. ನಮ್ಮಲ್ಲಿ ಬಹಳ ಜನ 30–40ರ ನಡುವೆ ಇದ್ದೀವಿ.

ನಾನು ಬಿಟ್ಟು ಎರಡು ವರ್ಷ. ಮೂರನೇ ಪ್ರಯತ್ನಕ್ಕೆ ಆಯ್ತು, ಸುಲಭ ಇರಲಿಲ್ಲ. ಪ್ಯಾಕಿನ ಮೇಲೇ 1800-11-2356 ಅಂತ ಉಚಿತ ನಂಬರ್ ಇದೆ. ನಿಮ್ಹಾನ್ಸ್ ಮೂಲಕ ಕನ್ನಡದಲ್ಲೂ ಮಾತಾಡ್ತಾರೆ. ಮುಂದಿನ ಸಲ ಪ್ಯಾಕ್ ಕೈಗೆ ಬಂದಾಗ ಅದನ್ನ ಓದಿ.

ನಿಮ್ಮ ಮನೆಯ ಹಿರಿಯರ ಜೇಬಿನಲ್ಲಿ ಯಾವ ಪ್ಯಾಕ್ ಇತ್ತು? ಹೇಳಿ. ಸಿಗೋಣ.